ಹಿನ್ನೆಲೆ ಸದ್ದು

ಕುರ್ಚಿ ಮಕ್ಕಳದಾಗಿದ್ದರಿಂದ ಕೂತರೆ ಮೊಣಕಾಲು ಎದೆಯವರೆಗೆ ಬರುತ್ತಿತ್ತು. ಪ್ರಿಯಾಂಕಾ ವೇಲನ್ನು ಮೊಣಕಾಲಿನ ಮೇಲೆ ಎಳೆದುಕೊಂಡು, ಕೊರಳಲ್ಲಿ ತೂಗುತ್ತಿದ್ದ ಸಂದರ್ಶಕರ ಗುರುತುಚೀಟಿಯನ್ನು ಅದರೊಳಗೆ ಮುಚ್ಚಿ, ಹಿಂದಿನ ಗೋಡೆಗೆ ಬೆನ್ನು ಹಚ್ಚಿ, ಸಾಧ್ಯವಾದಷ್ಟೂ ಸಣ್ಣವಳಾಗಲು ನೋಡಿದಳು. ಗೋಡೆಗೆ ಅಂಟಿಸಿದ್ದ ಬಣ್ಣದ ಕಾಗದದ ಮಾವಿನಹಣ್ಣು ಬೆನ್ನಿಗೆ ತಾಗಿ ಪರಪರ ಎಂದಿತು. ಯುಕೆಜಿ ಸಿ ಸೆಕ್ಷನ್ನಿನ ನಲವತ್ತೆಂಟು ತಲೆಗಳಲ್ಲಿ ನಲವತ್ತೇಳು ಆ ಸದ್ದಿಗೆ ಹಿಂದಕ್ಕೆ ತಿರುಗಿದವು. ತಿರುಗದೆ ಉಳಿದದ್ದು ಎರಡನೆಯ ಬೆಂಚಿನ ತುದಿಯಲ್ಲಿದ್ದ, ಕೆಂಪು ರಿಬ್ಬನ್ನಿನ ಎರಡು ಜಡೆಯ ತಲೆ. ಅವಳ ಮಗಳು ಉಮಾಶ್ರೀಯದು. “ಆಂಟಿ ಯಾಕೋ ಇಲ್ ಕೂತವ್ರೆ?” ಎಂದು ಒಬ್ಬ ಹುಡುಗ ಪಕ್ಕದವನನ್ನು ಕೇಳಿದ. “ಫೇಲಾಗಿರ್ಬೇಕು ಕಣೋ” ಎಂದ ಪಕ್ಕದವನು, ಬಹಳ ವರ್ಷ ಪಾಠ ಹೇಳಿ ದಣಿದವನ ಹಾಗೆ. ನಗು ಬೆಂಚಿನಿಂದ ಬೆಂಚಿಗೆ ಹರಿಯಿತು. ಪ್ರಿಯಾಂಕಾಳೂ ನಕ್ಕಳು. ನಗಬೇಕೆನಿಸಿ ಅಲ್ಲ. ಯಾರಾದರೂ ತನ್ನ ಕಡೆ ನೋಡಿದರೆ ತುಟಿ ತಾನಾಗಿಯೇ ಅಗಲವಾಗುವುದು ಈಚಿನ ಅಭ್ಯಾಸ. ಕೆಲಸದ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು, ನಗುತ್ತ ಮಾತಾಡಿದರೆ ಫೋನಿನ ಆ ತುದಿಗೂ ಅದು ಕೇಳಿಸುತ್ತದೆ ಎಂದು.

ಬೆಳಿಗ್ಗೆ ಐದಕ್ಕೆ ಎದ್ದಿದ್ದಳು. ಎದ್ದವಳು ರೊಟ್ಟಿ ಬಡಿದಿರಲಿಲ್ಲ, ಚಪಾತಿ ಲಟ್ಟಿಸಿದ್ದಳು. ಬಿಟಿಎಂನ ಈ ಮನೆಗೆ ಬಂದ ಹೊಸದರಲ್ಲಿ, ಕೆಳಗಿನ ಮನೆಯ ಓನರ್ ಗೌರಮ್ಮ, “ಬೆಳಗಾಗೆದ್ದು ಏನಮ್ಮ ಅದು ಟಪಟಪ ಅಂತ, ನಮ್ಮೆಜಮಾನ್ರಿಗೆ ನಿದ್ದೇನೇ ಇಲ್ಲ” ಎಂದು ಒಂದೇ ಒಂದು ಸಲ ಹೇಳಿದ್ದರು. ಅಂದಿನಿಂದ ಜೋಳದ ಹಿಟ್ಟಿನ ಡಬ್ಬಿಗೆ ಕೈ ಹೋಗುತ್ತಿರಲಿಲ್ಲ. ಗಂಡ ಚನ್ನವೀರ ಮೊದಮೊದಲು ಗೊಣಗಿದ, ಆಮೇಲೆ ಚಪಾತಿಯನ್ನೇ ತಿಂದ. ಆಸ್ಪತ್ರೆಯೊಂದರ ಪಾರ್ಕಿಂಗ್ ಸೂಪರ್‌ವೈಸರ್ ಅವನು. ಬೆಳಿಗ್ಗೆ ಆರಕ್ಕೆ ಹೋದರೆ ಕತ್ತಲಾದ ಮೇಲೆಯೇ ಬರುವುದು. “ಕೂಸಿಗೆ ಏನಾಗೈತಿ? ಅವ್ವನ್ನ ಕೇಳಿದ್ರ ದೃಷ್ಟಿ ಆಗೈತಿ ಅಂತಾಳ” ಎಂದು ನಿನ್ನೆ ಶೂ ಕಳಚುತ್ತ ಕೇಳಿದ್ದ. ಕೂಸಿಗೆ ಏನಾಗಿದೆ ಎಂದು ಶಾಲೆಯವರಿಗೂ ಗೊತ್ತಾಗಿರಲಿಲ್ಲ. ಜೂನ್‌ನಲ್ಲಿ ಸೇರಿದವಳು ಈ ನವೆಂಬರ್‌ವರೆಗೆ ತರಗತಿಯಲ್ಲಿ ಒಂದು ಮಾತನ್ನೂ ಆಡಿರಲಿಲ್ಲ. ಹಾಜರಿಗೆ ಓ ಎನ್ನುತ್ತಿರಲಿಲ್ಲ. ಬಾತ್‌ರೂಮಿಗೆ ಹೋಗಬೇಕೆಂದು ಕೇಳದೆ ಎರಡು ಸಲ ಕೂತಲ್ಲೇ ಒದ್ದೆ ಮಾಡಿಕೊಂಡಿದ್ದಳು. ಆದರೆ ಆಟದ ಬಯಲಿಗೆ ಬಿಟ್ಟರೆ ಜಯನಗರದ ನಾಲ್ಕನೇ ಬ್ಲಾಕಿಗೆ ಕೇಳುವಂತೆ ಕಿರುಚುತ್ತಾಳೆಂದು ಆಯಾ ಹೇಳುತ್ತಿದ್ದಳು. ಆದ್ದರಿಂದ ಟೀಚರ್ ಶೃತಿಗೆ ಅದು ಹಠವೆಂದು ಕಂಡಿತ್ತು. ಶನಿವಾರ ಪ್ರಿನ್ಸಿಪಾಲರ ಕೋಣೆಯಲ್ಲಿ ಮೀಟಿಂಗ್. ಅಷ್ಟರಲ್ಲಿ ಮಾತಾಡಿದರೆ ಸರಿ, ಇಲ್ಲದಿದ್ದರೆ ಇಂಥ ಮಕ್ಕಳಿಗೆಂದೇ ಇರುವ ಬೇರೆ ಶಾಲೆ ನೋಡಿಕೊಳ್ಳಿ ಎನ್ನುವುದನ್ನು ಬಹಳ ಮೆತ್ತನೆಯ ಇಂಗ್ಲಿಷಿನಲ್ಲಿ ಬರೆದು ಕಳಿಸಿದ್ದರು. ಇವತ್ತು ಗುರುವಾರ.

ಕುರ್ಚಿಯ ಉಪಾಯ ಶಾಲೆಯ ಕೌನ್ಸೆಲರ್ ಇಂಚರಳದು. ಎಂ.ಎಸ್ಸಿ. ಮುಗಿಸಿ ಈ ವರ್ಷವೇ ಕೆಲಸಕ್ಕೆ ಸೇರಿದ ಹುಡುಗಿ. ಯಾವಾಗಲೂ ಕಿವಿಯ ಹಿಂದೆ ಒಂದು ಪೆನ್ಸಿಲ್. ಸೋಮವಾರದಿಂದ ಮೂರು ದಿನ, ಶಾಲೆ ಬಿಟ್ಟ ಮೇಲೆ, ಖಾಲಿ ಕೋಣೆಯಲ್ಲಿ ಅಭ್ಯಾಸ ನಡೆದಿತ್ತು. ಮೊದಲ ದಿನ ತಾಯಿಯ ಕುರ್ಚಿ ಮಗುವಿನ ಪಕ್ಕದಲ್ಲಿ, ಎರಡನೆಯ ದಿನ ಕಿಟಕಿಯ ಬಳಿ, ಮೂರನೆಯ ದಿನ ಬಾಗಿಲಾಚೆ. ತಾಯಿ ಒಂದೊಂದೇ ಹೆಜ್ಜೆ ದೂರವಾದಂತೆ ಟೀಚರ್ ಒಂದೊಂದೇ ಹೆಜ್ಜೆ ಹತ್ತಿರವಾಗಿದ್ದರು. ನಿನ್ನೆ ಬಾಗಿಲಾಚೆ ಕೂತು ಪ್ರಿಯಾಂಕಾ ಕೇಳಿಸಿಕೊಂಡಿದ್ದಳು, ಅ ಅಗಸ, ಆ ಆನೆ ಎಂದು ಮಗಳು ಟೀಚರಿಗೆ ಹತ್ತು ಪದ ಓದಿ ಹೇಳಿದ್ದನ್ನು. ಇಂಚರ ಸದ್ದಾಗದಂತೆ ಚಪ್ಪಾಳೆ ತಟ್ಟಿ ಹೊರಗೆ ಬಂದಿದ್ದಳು. “ನೋಡಿದ್ರಾ ಮೇಡಂ! ಇವಳಿಗೆ ಏನೂ ಆಗಿಲ್ಲ. ಬರೀ ಲರ್ನ್ಡ್ ಬಿಹೇವಿಯರ್. ಎಲ್ಲೋ ಕಲ್ತಿದಾಳೆ. ಕಲ್ತಿದ್ದನ್ನ ಬಿಡಿಸ್ಬೋದು. ನಾಳೆ ಫುಲ್ ಕ್ಲಾಸಲ್ಲಿ ಟ್ರೈ ಮಾಡೋಣ, ಸಖತ್ತಾಗಿ ಆಗುತ್ತೆ.” ಎಲ್ಲೋ ಕಲ್ತಿದಾಳೆ ಎನ್ನುವ ಮಾತು ರಾತ್ರಿಯೆಲ್ಲ ಪ್ರಿಯಾಂಕಾಳ ಕಿವಿಯಲ್ಲಿ ಇತ್ತು. ಯಾಕೆ ಇತ್ತೆಂದು ಮಾತ್ರ ಗೊತ್ತಾಗಿರಲಿಲ್ಲ.

ಶೃತಿ ಟೀಚರ್ ಒಳಗೆ ಬಂದರು. ಮೇಜಿನ ಖಾನೆಯಿಂದ ಅಂಗೈಯಗಲದ ಪೆಟ್ಟಿಗೆಯೊಂದನ್ನು ತೆಗೆದು ಸೊಂಟದ ಪಟ್ಟಿಗೆ ಸಿಕ್ಕಿಸಿ, ಅದರ ವೈರನ್ನು ಸೆರಗಿನಡಿ ಎಳೆದು, ತಲೆಯ ಮೇಲಿನಿಂದ ಕಿವಿಗೆ ಒಂದು ಕಪ್ಪು ಕಂಬಿಯನ್ನು ಏರಿಸಿದರು. ಕಂಬಿಯ ತುದಿಯ ಮೈಕು ಬಾಯಿಯ ಮುಂದೆ ಬಂದು ನಿಂತಿತು. ಗುಂಡಿ ಒತ್ತಿದರು. ಸಣ್ಣಗೆ ಕೆಂಪು ದೀಪ ಹೊತ್ತಿತು. “ಗುಡ್ ಮಾರ್ನಿಂಗ್ ಚಿಲ್ಡ್ರನ್” ಎನ್ನುವ ಧ್ವನಿ ಬಾಯಿಂದಲ್ಲದೆ ಸೊಂಟದಿಂದ ಬಂತು. ನಲವತ್ತೇಳು ಮಕ್ಕಳು ರಾಗವಾಗಿ ಉತ್ತರ ಕೊಟ್ಟರು. ಹಾಜರಿ ಶುರುವಾಯಿತು. ಹೆಸರುಗಳು ಒಂದೊಂದಾಗಿ ಹತ್ತಿರ ಬರುತ್ತಿದ್ದ ಹಾಗೆ ಪ್ರಿಯಾಂಕಾ ವೇಲಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಉಮಾಶ್ರೀ ಚನ್ನವೀರ.” ಫ್ಯಾನಿನ ಸದ್ದು. “ಉಮಾಶ್ರೀ?” ಎಂದು ಟೀಚರ್ ಮತ್ತೊಮ್ಮೆ, ನಿನ್ನೆಯ ಹತ್ತು ಪದಗಳ ಸಲಿಗೆಯಿಂದ, ನಗುತ್ತ ಕರೆದರು. ಜಡೆಗಳು ಅಲುಗಲಿಲ್ಲ. ಮುಂದಿನ ಬೆಂಚಿನ ಹುಡುಗಿ ಎದ್ದು, “ಮಿಸ್, ಅವ್ಳು ಮಾತಾಡಲ್ಲ ಮಿಸ್, ಅವ್ಳಮ್ಮ ಬಂದವ್ರೆ, ಅವ್ರನ್ನ ಕೇಳಿ” ಎಂದಳು. ಟೀಚರ್ ತಲೆಯೆತ್ತಿ ಹಿಂದಿನ ಗೋಡೆಯ ಕಡೆ ನೋಡಿದರು. ಆ ನೋಟಕ್ಕೆ ಪ್ರಿಯಾಂಕಾ ಎದ್ದು ನಿಂತುಬಿಟ್ಟಳು, ಪುಟ್ಟ ಕುರ್ಚಿ ಸೊಂಟಕ್ಕೆ ಸಿಕ್ಕಿಕೊಂಡು ಅದೂ ಎದ್ದಿತು. ಹೂಂ, ಪ್ರೆಸೆಂಟ್ ಎಂದು ಟೀಚರ್ ತಾವೇ ಬರೆದುಕೊಂಡರು.

ಆಮೇಲಿನ ಮುಕ್ಕಾಲು ಗಂಟೆ ಅವಳು ಮಗಳ ಬೆನ್ನನ್ನು ನೋಡುತ್ತ ಕೂತಳು. ಆ ಬೆನ್ನು ಹೆದರಿದ ಬೆನ್ನಲ್ಲ. ಹಠದ್ದೂ ಅಲ್ಲ. ನೆಟ್ಟಗೆ, ಜೋಪಾನವಾಗಿ, ತುಂಬಿದ ಪಾತ್ರೆಯೊಂದನ್ನು ಚೆಲ್ಲದಂತೆ ಹಿಡಿದುಕೊಂಡವರ ಬೆನ್ನು. ಎಲ್ಲೋ ನೋಡಿದ್ದೇನೆ ಎನಿಸಿತು. ಗಂಟೆ ಹೊಡೆಯಿತು. ಟೀಚರ್ ಗುಂಡಿ ಒತ್ತಿದರು, ದೀಪ ಆರಿತು, ಕಂಬಿಯನ್ನು ತಲೆಯಿಂದ ತೆಗೆದು ಮೇಜಿನ ಮೇಲಿಟ್ಟರು. ಆಗ ಎರಡನೆಯ ಬೆಂಚಿನ ತುದಿಯಲ್ಲಿ, ಬೆಂಚಿನ ಕೆಳಗೆ, ಹಿಂದಿನಿಂದ ಮಾತ್ರ ಕಾಣುವ ಹಾಗೆ, ಉಮಾಶ್ರೀಯ ಬಲಗೈ ಮುಂದೆ ಬಂತು. ಅಂಗೈ ಮೇಲಾಗಿ ಚಾಚಿಕೊಂಡಿತು. ಅಲ್ಲಿ ಯಾರೂ ಇರಲಿಲ್ಲ. ಕೈ ಎರಡು ಕ್ಷಣ ಕಾಯಿತು. ಏನೋ ನೆನಪಾದಂತೆ ಮುಚ್ಚಿಕೊಂಡು ಲಂಗದ ಮಡಿಕೆಗೆ ಹಿಂದಿರುಗಿತು.

ಆ ಅಂಗೈಯನ್ನು ಪ್ರಿಯಾಂಕಾ ದಿನಕ್ಕೆ ಮೂವತ್ತು ಸಲ ನೋಡುತ್ತಿದ್ದಳು. ಅದರ ಮೇಲೆ ದಿನಕ್ಕೆ ಮೂವತ್ತು ಸಲ ಒಂದೊಂದು ಬತ್ತಾಸು ಇಡುತ್ತಿದ್ದಳು. ಮೂರು ವರ್ಷದ ಹಿಂದೆ, ಗೃಹೋಪಯೋಗಿ ಯಂತ್ರಗಳ ದೂರು ಕೇಳುವ ಈ ಕೆಲಸ ಮನೆಯಿಂದಲೇ ಮಾಡಬಹುದೆಂದು ಸಿಕ್ಕಾಗ, ಕರೆಯಲ್ಲಿ ಹಿನ್ನೆಲೆ ಸದ್ದು ಕೇಳಿಸಕೂಡದು ಎನ್ನುವುದು ಮೊದಲ ಷರತ್ತಾಗಿತ್ತು. ಒಂದೇ ಕೋಣೆ, ಒಂದು ಅಡಿಗೆಮನೆ, ಮೂರು ವರ್ಷದ ಕೂಸು. ಅವಳಿಗೆ ಹೆದರಿಕೆಯಾಗಲಿಲ್ಲ, ಏಕೆಂದರೆ ಅವಳು ಡಿ.ಎಡ್. ಮಾಡಿದವಳು. ಬಾಗಲಕೋಟೆಯಲ್ಲಿ ಎರಡು ವರ್ಷ, ಕಲಿಕೆಯ ಮನೋವಿಜ್ಞಾನದಲ್ಲಿ ಅವಳೇ ಮೊದಲು. ಗಂಟೆ ಬಾರಿಸಿದರೆ ಊಟ ಬಂತೆಂದು ಕಲಿತ, ಪಟ್ಟಿಗೆ ಬಿಗಿದ ನಾಯಿಯ ಚಿತ್ರ, ಗಂಟೆಯ ಚಿತ್ರ, ಬಾಯಿಂದ ಇಳಿಯುವ ಜೊಲ್ಲನ್ನು ತುಂಬಿಕೊಳ್ಳುವ ಗಾಜಿನ ನಳಿಕೆ, ಎಲ್ಲವನ್ನೂ ಬಣ್ಣದ ಪೆನ್ಸಿಲಿನಲ್ಲಿ ಬಿಡಿಸುತ್ತಿದ್ದಳು. ಗುರುತಿಗೆ ಅಭ್ಯಾಸವನ್ನು ಕಟ್ಟುವ ಅನುಬಂಧನ, ಬಹುಮಾನದಿಂದ ಅದನ್ನು ಗಟ್ಟಿಮಾಡುವ ಪುನರ್ಬಲನ, ಒಂದು ಕಡೆ ಕಲಿತದ್ದು ಅಂಥದೇ ಇನ್ನೊಂದು ಕಡೆಯೂ ತೋರುವ ಸಾಮಾನ್ಯೀಕರಣ. ಶಿಕ್ಷಕಿಯ ಕೆಲಸ ಸಿಗಲಿಲ್ಲ, ಕಲಿತದ್ದು ಉಳಿದಿತ್ತು. ಕಿವಿಗೆ ಹೆಡ್‌ಫೋನು, ಮೈಕಿನ ಬುಡದ ದೀಪ ಕೆಂಪು, ಆಗ ಸುಮ್ಮನಿರಬೇಕು. ದೀಪ ಆರಿದರೆ ಒಂದು ಬತ್ತಾಸು. ಅತ್ತೆ ದುಂಡವ್ವ ಜಾತ್ರೆಯಿಂದ ಕಳಿಸಿದ್ದ ಚೀಲ ಮೇಜಿನ ಕೆಳಗೇ ಇತ್ತು. ಮೊದಲು ಹತ್ತು ಸೆಕೆಂಡು, ಆಮೇಲೆ ಒಂದು ನಿಮಿಷ, ಆಮೇಲೆ ಐದು. ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಗೆರೆ ಎಳೆದು ಬರೆದಿಡುತ್ತಿದ್ದಳು. ನಾಲ್ಕನೆಯ ವಾರಕ್ಕೆ ಕೂಸು ನಲವತ್ತು ನಿಮಿಷ ಸುಮ್ಮನಿತ್ತು. ಅವತ್ತು ಆದ ಹೆಮ್ಮೆಯನ್ನು ಈಗ ಈ ಪುಟ್ಟ ಕುರ್ಚಿಯಲ್ಲಿ ಕೂತು ನೆನೆಯಲಾರದೆ ನೆನೆದಳು. ಪುಸ್ತಕದಲ್ಲಿದ್ದದ್ದು ನಿಜ! ಎಂದು ಚನ್ನವೀರನನ್ನು ತಬ್ಬಿಕೊಂಡಿದ್ದಳು. ಆ ತಿಂಗಳು ಟೀಮ್ ಲೀಡರ್ ವಿಶ್ರುತ್ ಅವಳ ಹೆಸರಿನ ಮುಂದೆ ಒಂದು ಬಂಗಾರದ ನಕ್ಷತ್ರ ಅಂಟಿಸಿದ ಚಿತ್ರವನ್ನು ಎಲ್ಲರಿಗೂ ಕಳಿಸಿದ್ದ. ಅವಳು ಅದನ್ನು ದಿನಕ್ಕೆ ನಾಲ್ಕು ಸಲ ತೆಗೆದು ನೋಡುತ್ತಿದ್ದಳು.

“ಟೆನ್ಷನ್ ಮಾಡ್ಕೋಬೇಡಿ ಮೇಡಂ” ಎಂದಳು ಇಂಚರ, ತನ್ನ ಕೋಣೆಯಲ್ಲಿ, ಕಿವಿಯ ಹಿಂದಿನ ಪೆನ್ಸಿಲನ್ನು ತೆಗೆದು. “ಖಾಲಿ ರೂಮಲ್ಲಿ ಆಯ್ತು, ಫುಲ್ ಕ್ಲಾಸಲ್ಲಿ ಆಗ್ಲಿಲ್ಲ. ಅಂದ್ರೆ ಆ ಎರಡರ ಮಧ್ಯೆ ಏನೋ ಒಂದು ಬೇರೆ ಇದೆ. ಆ ಒಂದು ಏನು ಅಂತ ಸಿಕ್ರೆ ಸಾಕು. ಮನೇಲಿ ಏನಾದ್ರೂ... ಯಾರಾದ್ರೂ ಜೋರು ಮಾಡೋದು, ಸುಮ್ನಿರು ಅನ್ನೋದು, ಏನಾದ್ರೂ ನೆನಪಾಗುತ್ತಾ?” ಇಂಚರ ಮೊದಲು ತುಂಬಿಸಿಕೊಂಡಿದ್ದ ಅರ್ಜಿಯಲ್ಲೂ ಇದೇ ಪ್ರಶ್ನೆ ಇತ್ತು. ಇಲ್ಲ ಎಂದು ಬರೆದಿದ್ದಳು. ತಾನು ಡಿ.ಎಡ್. ಎನ್ನುವುದನ್ನೂ ಬರೆದಿರಲಿಲ್ಲ. ಆಗ ಓದಿಗೆ ತಕ್ಕ ಕೆಲಸ ಸಿಗದ ನಾಚಿಕೆಯಿಂದ, ಈಗ ಬೇರೆಯದೇ ಕಾರಣದಿಂದ ಅದನ್ನು ಹೇಳಲಿಲ್ಲ. ಗೊತ್ತಿಲ್ಲದೆ ಮಾಡಿದವರಿಗೆ ಒಂದು ದಾರಿ ಇರುತ್ತದೆ. ತಾನು ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಂಡು ಮಾಡಿದವಳು. “ಏನಿಲ್ಲ ಮೇಡಂ” ಎಂದಳು. ಆಮೇಲೆ ಬಾಗಿಲಿನ ಕಡೆ ನೋಡುತ್ತ, “ಆ ಮೈಕು... ಟೀಚರ್ ಹಾಕ್ಕೊಳ್ತಾರಲ್ಲ, ಅದರ ಸೌಂಡ್ ಜಾಸ್ತಿ ಅನ್ಸಿತು. ಅದನ್ನ ಒಂದೆರಡು ದಿನ ತೆಗೆದ್ರೆ?” ಎಂದಳು. ಹಾಗೆ ಕೇಳಿದಾಗ ಎದೆ ಒಂದಿಷ್ಟು ಹಗುರವಾಯಿತು. ಹೇಳದೆಯೂ ಸರಿಹೋಗಬಹುದೆನ್ನುವ ಹಗುರ.

ಶೃತಿ ಟೀಚರ್ ಬಾಗಿಲಲ್ಲೇ ಇದ್ದರು, ನೀರಿನ ಬಾಟಲಿ ಹಿಡಿದುಕೊಂಡು. ಮೈಕಿಲ್ಲದ ಅವರ ಧ್ವನಿ ಹರಿದ ಬಟ್ಟೆಯ ಹಾಗಿತ್ತು. “ತೆಗೆಯೋಕಾಗಲ್ಲ ಮೇಡಂ. ನನ್ ಗಂಟಲಲ್ಲಿ ಗಂಟಾಗಿದೆ. ಹದಿನಾರು ವರ್ಷ ಕಿರುಚಿದ್ದಕ್ಕೆ. ಡಾಕ್ಟರು ಮೈಕಿಲ್ದೆ ಪಾಠ ಮಾಡ್ಲೇಬೇಡಿ ಅಂದಿದಾರೆ. ನಿನ್ನೆ ಮೊನ್ನೆ ಇವಳೊಬ್ಬಳಿಗೆ ಅಂತ ತೆಗೆದಿಟ್ಟೆ, ರಾತ್ರಿ ಗಂಟಲಿಂದ ರಕ್ತ ಬಂತು.” ನೀರು ಕುಡಿದು, ಕೋಪವಿಲ್ಲದೆ ಹೇಳಿದರು. “ನನಗೂ ಒಬ್ಬಳು ಮಗಳಿದಾಳೆ. ಮನೇಲಿ ಅವಳ ಹತ್ರ ಚೀಟಿ ಬರೆದು ಮಾತಾಡ್ತೀನಿ.” ಇಂಚರ ಟೀಚರನ್ನೂ ಪ್ರಿಯಾಂಕಾಳನ್ನೂ ನೋಡಿದಳು. “ಸದ್ದು ಜಾಸ್ತಿ ಆದ್ರೂ ಮೈಕ್ ಇರ್ಲಿ ಬಿಡಿ” ಎಂದಳು ನಿಧಾನವಾಗಿ. “ಯಾವುದಕ್ಕೆ ಬಾಯಿ ಮುಚ್ಚುತ್ತೋ ಅದನ್ನ ಕಣ್ಮುಂದಿಂದ ತೆಗೆದ್ರೆ ಬಿಡಿಸಿದ ಹಾಗಾಗಲ್ಲ. ಅದು ಎದುರಿಗೆ ಇರುವಾಗ್ಲೇ ಮಾತು ಬರ್ಬೇಕು. ಅದೂ ನಾಟಕ ಅಲ್ಲ, ನಿಜವಾಗ್ಲೂ ಇರ್ಬೇಕು. ಶನಿವಾರ ಮೀಟಿಂಗಲ್ಲಿ ನಾನು ಇರ್ತೀನಿ. ಅಷ್ಟರಲ್ಲಿ ಏನಾದ್ರೂ ನೆನಪಾದ್ರೆ ಫೋನ್ ಮಾಡಿ, ಆಯ್ತಾ?” ಮಾಡ್ತೀನಿ ಎಂದಳು ಪ್ರಿಯಾಂಕಾ. ಫೋನ್ ಮಾಡುವ ಧೈರ್ಯವಿದ್ದವಳು ಈಗಲೇ ಹೇಳುತ್ತಿದ್ದಳು.

ಶಾಲೆ ಬಿಟ್ಟ ಮೇಲೆ, ತಿಲಕ್ ನಗರದ ಒಳರಸ್ತೆಗಳಲ್ಲಿ ಹಾದು ಮನೆಗೆ ನಡೆಯುವಾಗ ಮಗಳ ಬಾಯಿ ಸುಮ್ಮನಿರಲಿಲ್ಲ. ಗೇಟು ದಾಟಿದ ಕೂಡಲೇ ಯಾರೋ ಬಿರಡೆ ತೆಗೆದಂತೆ ಮಾತು. “ಅವ್ವಾ, ಮ್ಯಾಕಿ ನೋಡು, ಬಾಳಿಹಣ್ಣಿನ ಸಿಪ್ಪಿ ತಿನ್ನಾಕತ್ತೈತಿ. ಅವ್ವಾ, ನಿನಗ ಫೇಲ್ ಅಂದ್ನಲ್ಲ, ಅಂವಾ ವಿನೀತ, ಅವಂಗ ಮೂಗ ಸೋರತೈತಿ. ಅವ್ವಾ, ನೀ ಕುರ್ಚಿ ತಗೊಂಡ ಎದ್ದೆಲ್ಲ, ನನಗ ನಗಿ ಬಂತು, ಆದ್ರ ನಾ ನಗಲಿಲ್ಲ.” ನಗಲಿಲ್ಲ ಎನ್ನುವುದನ್ನು ಹೇಳುವಾಗ ಮುಖ ಎತ್ತಿ ನೋಡಿದಳು, ಮೆಚ್ಚುಗೆಗೆ. ಪ್ರಿಯಾಂಕಾ ಅವಳ ಬಲಗೈಯನ್ನು ಹಿಡಿದಿದ್ದಳು. ನಡೆಯುತ್ತ ನಡೆಯುತ್ತ ಅವಳ ಹೆಬ್ಬೆರಳು ತಾನಾಗಿಯೇ ಮಗಳ ಉಂಗುರಬೆರಳಿನ ಉಗುರನ್ನು ಸವರಿತು. ಅಲ್ಲಿ ಒಂದು ಏಣು, ಉಗುರು ಎರಡಾಗಿ ಕೂಡಿದ ಗೆರೆ. ಹೋದ ವರ್ಷ ಬೇಸಿಗೆಯಲ್ಲಿ ಆದದ್ದು. ಜೆ.ಪಿ. ನಗರದವರೊಬ್ಬರು ಫ್ರಿಜ್ಜಿನ ಬಗ್ಗೆ ಕೂಗಾಡುತ್ತಿದ್ದರು. ಹಿಂದೆ ಬಾತ್‌ರೂಮಿನ ಬಾಗಿಲು ಗಾಳಿಗೆ ಬಡಿದುಕೊಂಡ ಸದ್ದು. ತಿರುಗಿದರೆ ಉಮಾಶ್ರೀ ಬಾಗಿಲ ಬಳಿ ನಿಂತಿದ್ದಳು, ಬಲಗೈಯ ಬೆರಳನ್ನು ಎಡಗೈಯಲ್ಲಿ ಒತ್ತಿ ಹಿಡಿದು. ರಕ್ತ ಮೊಣಕೈವರೆಗೆ ಇಳಿದಿತ್ತು. ಕಣ್ಣಿಂದ ಧಾರೆಯಾಗಿ ನೀರು. ಬಾಯಿ ಮುಚ್ಚಿತ್ತು. ಪ್ರಿಯಾಂಕಾ ನೋಡಿದಳು. ನೋಡಿ, ಮುಖವನ್ನು ಸ್ಕ್ರೀನಿನ ಕಡೆ ತಿರುಗಿಸಿ, ನಿಮ್ಮ ಅಸಮಾಧಾನ ನನಗೆ ಅರ್ಥವಾಗುತ್ತದೆ ಸಾರ್ ಎಂದಳು. ಹದಿನೆಂಟು ನಿಮಿಷ. ದೀಪ ಆರಿದ ಮೇಲೆ ಕೂಸು ಹತ್ತಿರ ಬಂದು, ಗಾಯವಿಲ್ಲದ ಎಡಗೈಯನ್ನು ಚಾಚಿತು. ಅವಳು ಅವತ್ತು ಎರಡು ಬತ್ತಾಸು ಇಟ್ಟಿದ್ದಳು. ಬೆರಳು ಬಾಗಿಲಿಗೆ ಸಿಕ್ಕಿತ್ತೆಂದು ಚನ್ನವೀರನಿಗೆ ಹೇಳಿದಳು. ಹದಿನೆಂಟು ನಿಮಿಷವನ್ನು ಯಾರಿಗೂ ಹೇಳಲಿಲ್ಲ. ಅದೂ ಎಲ್ಲೋ ರೆಕಾರ್ಡಾಗಿ ಇರಬೇಕು, ಒಂದು ಚೂರೂ ಹಿನ್ನೆಲೆ ಸದ್ದಿಲ್ಲದೆ.

ಗೇಟಿನ ಬಳಿ ಗೌರಮ್ಮ ಸೊಪ್ಪು ಸೋಸುತ್ತ ಕೂತಿದ್ದರು. ಹಿಂದೆ ಇಲ್ಲೆಲ್ಲ ಅವರದೇ ರಾಗಿ ಹೊಲವಿತ್ತಂತೆ, ಈಗ ಮೂರಂತಸ್ತಿನ ಆರು ಬಾಡಿಗೆ ಮನೆ. “ಏನ್ ಉಮ್ಮೀ, ಸ್ಕೂಲ್ ಆಯ್ತಾ?” “ಆತ್ರೀ ಅಜ್ಜಿ.” “ಮುತ್ತಿನಂಥ ಮಗು ಕಣಮ್ಮ ನಿಂದು” ಎಂದರು ಗೌರಮ್ಮ ಪ್ರಿಯಾಂಕಾಳಿಗೆ. “ಮೇಲ್ಗಡೆ ಮಗು ಐತೆ ಅನ್ನೋದೇ ಗೊತ್ತಾಗಕ್ಕಿಲ್ಲ. ಅದ್ಯಾವ್ ಮಂತ್ರ ಹಾಕಿದ್ದೀಯೋ. ನಮ್ ಮೊಮ್ಮಕ್ಕಳಿಗೂ ಒಸಿ ಹೇಳ್ಕೊಡು ತಾಯಿ.” ಪ್ರಿಯಾಂಕಾಳ ತುಟಿ ಅಗಲವಾಯಿತು. ಮೆಟ್ಟಿಲು ಹತ್ತುವಾಗ, ಒಂದೊಂದು ಮೆಟ್ಟಿಲಿಗೂ ಚಪ್ಪಲಿ ಸದ್ದಾಗದಂತೆ ಕಾಲಿಡುವ ಮಗಳನ್ನು ಹಿಂದಿನಿಂದ ನೋಡಿದಳು. ತನ್ನ ಚಪ್ಪಲಿಯೂ ಸದ್ದು ಮಾಡುತ್ತಿರಲಿಲ್ಲ.

ಪಾಳಿ ಹನ್ನೆರಡೂವರೆಗೆ. ಇನ್ನೂ ಇಪ್ಪತ್ತು ನಿಮಿಷವಿತ್ತು. ಅವಳು ಮಗಳಿಗೆ ಊಟ ಬಡಿಸಿ, ತಾನು ನಿಂತೇ ಎರಡು ತುತ್ತು ತಿಂದು, ಮೇಜಿನ ಮುಂದೆ ಕೂತು ಹೆಡ್‌ಫೋನು ಹಾಕಿಕೊಂಡಳು. ಗುಂಡಿ ಒತ್ತಿದಳು. ದೀಪ ಕೆಂಪಗಾಯಿತು. “ಉಮೀ, ಬಾ ಇಲ್ಲಿ. ಈಗ ಫೋನಿನ್ಯಾಗ ಯಾರೂ ಇಲ್ಲ. ಈಗ ಮಾತಾಡು. ಮ್ಯಾಕಿ ಏನ್ ತಿನ್ನಾಕತ್ತಿತ್ತು, ಹೇಳು.” ಮಗಳು ದೀಪವನ್ನು ನೋಡಿದಳು, ತಾಯಿಯ ಮುಖವನ್ನು ನೋಡಿದಳು. ತುಟಿಯನ್ನು ಒಳಕ್ಕೆ ಮಡಚಿಕೊಂಡಳು. ಪ್ರಿಯಾಂಕಾ ಬತ್ತಾಸಿನ ಡಬ್ಬಿಯ ಮುಚ್ಚಳ ತೆಗೆದು ಒಂದು ಬತ್ತಾಸು ಎತ್ತಿ ಹಿಡಿದಳು. “ಮಾತಾಡಿದ್ರ ಇದು. ಒಂದ ಮಾತು.” ಮಗಳು ತಲೆ ಅಲ್ಲಾಡಿಸಿದಳು. ಕಣ್ಣಲ್ಲಿ ಒಂದು ಜಾಣತನದ ಹೊಳಪು. ಎರಡು ನಿಮಿಷ ಕಳೆಯಿತು, ಮೂರು. ಪ್ರಿಯಾಂಕಾ ಸೋತು ಗುಂಡಿ ಒತ್ತಿದಳು. ದೀಪ ಆರಿದ್ದೇ ತಡ, “ನೀ ಎಷ್ಟ್ ಮಾಡಿದ್ರೂ ನಾ ಮಾತಾಡ್ಲಿಲ್ಲ ನೋಡು!” ಎಂದು ಉಮಾಶ್ರೀ ನಕ್ಕು, ಕೈ ಚಾಚಿದಳು. ಪರೀಕ್ಷೆ ಎಂದುಕೊಂಡಿದ್ದಳು. ಪಾಸಾಗಿದ್ದಳು. ಆ ಅಂಗೈಯನ್ನು ಖಾಲಿ ಬಿಡುವುದೂ ಒಂದು ಪಾಠ, ತುಂಬುವುದೂ ಒಂದು ಪಾಠ, ಯಾವುದನ್ನು ಮಾಡಿದರೂ ಕೂಸು ಏನನ್ನೋ ಕಲಿಯುತ್ತದೆ ಎಂದುಕೊಂಡಳು ಪ್ರಿಯಾಂಕಾ. ಬಹಳ ಆಯಾಸವಾಗಿತ್ತು. ಬತ್ತಾಸು ಇಟ್ಟಳು.

ಹನ್ನೆರಡೂವರೆಗೆ ಸ್ಕ್ರೀನಿನ ಮೂಲೆಯಲ್ಲಿ ವಿಶ್ರುತ್‌ನ ಸಂದೇಶ. “ಪ್ರಿಯಾಂಕಾ, ಈ ಕ್ವಾರ್ಟರಲ್ಲಿ ನಿಮ್ದು ಎರಡು ಹಿನ್ನೆಲೆ ಸದ್ದು ಆಗಿದೆ. ಇನ್ನೊಂದಾದ್ರೆ ವರ್ಕ್ ಫ್ರಮ್ ಹೋಮ್ ಕ್ಯಾನ್ಸಲ್. ನನ್ ಕೈಲಿ ಏನಿಲ್ಲ. ಪ್ಲೀಸ್ ನೋಡ್ಕೊಳ್ಳಿ.” ಮೊದಲನೆಯದು ಗೌರಮ್ಮನ ಕುಕ್ಕರ್, ಎರಡನೆಯದು ಬೀದಿಯ ಈರುಳ್ಳಿ ಗಾಡಿಯ ಮೈಕು. ಎರಡೂ ಮಗಳದಲ್ಲ. ಮನೆಯಿಂದ ಮಾಡುವುದು ನಿಂತರೆ ಊರಾಚೆಯ ಆಫೀಸು, ಬೆಳಿಗ್ಗೆ ಹೋದರೆ ರಾತ್ರಿ. ಕೂಸನ್ನು ನೋಡುವವರಿಲ್ಲ, ಅಂದರೆ ಕೆಲಸವಿಲ್ಲ. ಮಗಳು ಬಾಗಿಲ ಬಳಿ ತನ್ನ ಎಂದಿನ ಜಾಗದಲ್ಲಿ ಕೂತು ಬಣ್ಣದ ಪುಸ್ತಕ ತೆರೆದಿದ್ದಳು. ಬೆನ್ನು ನೆಟ್ಟಗೆ, ಜೋಪಾನ. ಕರೆ ಬಂದು ಹೆಡ್‌ಫೋನು ಟುಂಗ್ ಎಂದಿತು. ಆ ಸದ್ದಿಗೆ ಪ್ರಿಯಾಂಕಾಳ ಬೆನ್ನೂ ನೆಟ್ಟಗಾಯಿತು, ತುಟಿ ಅಗಲವಾಯಿತು. ದೀಪ ಹೊತ್ತಿತು.

“ನಮಸ್ಕಾರ, ಗ್ರಾಹಕ ಸೇವೆಗೆ ಸ್ವಾಗತ. ಈ ಕರೆಯನ್ನು ಗುಣಮಟ್ಟ ಮತ್ತು ತರಬೇತಿಗಾಗಿ ಧ್ವನಿಮುದ್ರಿಸಲಾಗುತ್ತಿದೆ. ನಾನು ಪ್ರಿಯಾಂಕಾ, ಹೇಗೆ ಸಹಾಯ ಮಾಡಲಿ?”

“ನಾನು ಚಕ್ರಪಾಣಿ ಅಂತ, ಹನುಮಂತನಗರದಿಂದ. ಇದು ಮೂರನೇ ಸಲಮ್ಮ ಮಾಡ್ತಿರೋದು. ವಾಷಿಂಗ್ ಮಷೀನು ತಿರುಗೋದೇ ಇಲ್ಲ. ಬರೀ ಗುರ್ ಅನ್ನುತ್ತೆ, ನನ್ ಹೆಂಡ್ತಿ ಥರ.” ವಯಸ್ಸಾದ ಧ್ವನಿ, ತನ್ನ ಜೋಕಿಗೆ ತಾನೇ ನಕ್ಕಿತು. ಅವಳು ದೂರಿನ ಸಂಖ್ಯೆ ಬರೆದುಕೊಂಡಳು. ಬರೆಯುತ್ತಿರುವಾಗ ಬಾಗಿಲ ಬಳಿ ಬಣ್ಣದ ಕಡ್ಡಿಯೊಂದು ಉರುಳಿತು, ಉಮಾಶ್ರೀ ಅದು ಸದ್ದು ಮಾಡುವ ಮೊದಲೇ ಅಂಗೈಯಿಂದ ಮುಚ್ಚಿ ಹಿಡಿದಳು. ಹಿಡಿದು, ತಾಯಿಯ ಕಡೆ ನೋಡಿದಳು. ಶನಿವಾರ ಎಂದುಕೊಂಡಳು ಪ್ರಿಯಾಂಕಾ. ಬೆರಳು ಮ್ಯೂಟ್ ಗುಂಡಿಗೆ ಹೋಯಿತು. ಮ್ಯೂಟ್ ಮಾಡಿದರೆ ದೀಪ ಆರುತ್ತದೆ. ಆರಿದ ದೀಪದಲ್ಲಿ ಆಡುವ ಮಾತು ನಾಟಕದ್ದು. ಬೆರಳನ್ನು ಹಿಂತೆಗೆದಳು. “ಉಮೀ” ಎಂದಳು, ಫೋನಿನ ಧ್ವನಿಯಲ್ಲಲ್ಲ, ತನ್ನ ಧ್ವನಿಯಲ್ಲಿ. “ಉಮೀ, ಮಾತಾಡು.”

ಮಗಳು ಪುಸ್ತಕ ಬಿಟ್ಟು ಎದ್ದಳು. ಬರಿಗಾಲಲ್ಲಿ ಸದ್ದಿಲ್ಲದೆ ಓಡಿಬಂದು ತಾಯಿಯ ತೊಡೆ ಹತ್ತಿ, ಅಂಗೈಯಿಂದ ಅವಳ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿದಳು. ಅಂಗೈ ಸಕ್ಕರೆಯ ಅಂಟಂಟಾಗಿತ್ತು. ಮೈಕಿನ ಬುಡದ ಕೆಂಪು ದೀಪ ಅವಳ ಗಲ್ಲದ ಪಕ್ಕದಲ್ಲೇ ಇತ್ತು. “ಹಲೋ? ಮೇಡಂ, ಲೈನಲ್ಲಿದೀರಾ?” ಎಂದರು ಚಕ್ರಪಾಣಿ. ಪ್ರಿಯಾಂಕಾ ಅಂಗೈಯ ಕೆಳಗಿನಿಂದ ಮತ್ತೆ ಏನೋ ಹೇಳಹೋದಳು. ಆಗ ಉಮಾಶ್ರೀ ಕಿವಿಯ ಹತ್ತಿರ ಬಂದಳು. ಉಸಿರಿನಷ್ಟೇ ಸಣ್ಣಗೆ, ಅಳುತ್ತ ಹೇಳಿದಳು.

“ಮಾತಾಡಬ್ಯಾಡವ್ವಾ. ಕೆಂಪ್ ಹತ್ತೈತಿ. ನಿನ್ನ ಕೆಲ್ಸ ಹೋಗತೈತಿ.”

ಒಂದೇ ಒಂದು ಸಲ ಪ್ರಿಯಾಂಕಾ ಹೇಳಿದ್ದಳು ಅದನ್ನು, ಮಾತಾಡಿದರೆ ಕೆಲಸ ಹೋಗುತ್ತದೆ ಎಂದು. ಮೂರು ವರ್ಷದ ಹಿಂದೆ, ಮೊದಲ ವಾರ, ಬತ್ತಾಸಿಗೆ ಕೂಸು ಸುಮ್ಮನಾಗದೆ ಇದ್ದಾಗ, ತಾಳ್ಮೆಗೆಟ್ಟು, ಭುಜ ಹಿಡಿದು ಅಲ್ಲಾಡಿಸಿ. ಆಮೇಲೆ ಮರೆತಿದ್ದಳು. ಸುಮ್ಮನಿರಿಸಿದ್ದು ಬತ್ತಾಸು ಎಂದೇ ಮೂರು ವರ್ಷ ನಂಬಿದ್ದಳು. ಕ್ಯಾಲೆಂಡರಿನ ಹಿಂದೆ ಗೆರೆಗಳಿದ್ದವು, ಈ ಮಾತು ಇರಲಿಲ್ಲ. ಪುಸ್ತಕದ ನಾಯಿಗೆ ಯಾರೂ ಏನನ್ನೂ ಹೇಳಿರಲಿಲ್ಲ.

“ಯಾರಮ್ಮ ಅದು? ಮಗು ಮಾತಾಡ್ದ ಹಾಗೆ ಕೇಳಿಸ್ತಲ್ಲ?”

ಪ್ರಿಯಾಂಕಾ ಆ ಅಂಗೈಯನ್ನು ಬಾಯಿಂದ ಮೆಲ್ಲಗೆ ಬಿಡಿಸಿ ತನ್ನ ಕೈಯಲ್ಲಿ ಇಟ್ಟುಕೊಂಡಳು. “ನನ್ ಮಗಳು ಸಾರ್” ಎಂದಳು. “ಆರು ವರ್ಷ. ನಾನು ಫೋನಲ್ಲಿ ಇರುವಾಗ ಸುಮ್ಮನಿರೋದನ್ನ ನಾನೇ ಕಲಿಸಿದೀನಿ. ಈಗ ಸ್ಕೂಲಲ್ಲೂ ಮಾತಾಡ್ತಿಲ್ಲ. ಹೋದ ವರ್ಷ ಬೆರಳು ಬಾಗಿಲಿಗೆ ಸಿಕ್ಕು ರಕ್ತ ಸುರಿದ್ರೂ ಸುಮ್ಮನಿದ್ಲು. ನಾನು ನೋಡ್ದೆ ಸಾರ್. ನೋಡಿ ನಿಮ್ಮಂಥವರೊಬ್ಬರ ಹತ್ರ ಮಾತಾಡ್ತಾನೇ ಇದ್ದೆ.” ಹೇಳಿ ಮುಗಿಸಿದ ಮೇಲೆ ಗೊತ್ತಾಯಿತು, ತುಟಿ ಅಗಲವಾಗಿರಲಿಲ್ಲ. ಆ ತುದಿಯಲ್ಲಿ ಯಾವುದೋ ನಲ್ಲಿಯ ನೀರು ತೊಟ್ಟಿಕ್ಕುವುದು ಕೇಳಿಸಿತು. ಇಲ್ಲಿಯದೆಲ್ಲ ಅಲ್ಲಿಗೂ ಕೇಳಿಸುತ್ತಿರಬೇಕು. “ಹಂಗಾ” ಎಂದರು ಚಕ್ರಪಾಣಿ. “ನೀವು ಅವಳ ಹತ್ರ ಮಾತಾಡಿ ಮೇಡಂ, ನಾನ್ ಕಾಯ್ತೀನಿ. ಹೆಂಗಿದ್ರೂ ಮಷೀನ್ ತಿರುಗ್ತಾ ಇಲ್ಲ.”

ಸ್ಕ್ರೀನಿನ ಮೂಲೆಯಲ್ಲಿ ವಿಶ್ರುತ್‌ನ ಸಂದೇಶದ ಚೌಕ ಮಿನುಗತೊಡಗಿತು. ಅವಳು ತೆರೆಯಲಿಲ್ಲ. “ಇನ್ನೊಮ್ಮೆ ಮಾತಾಡು ಉಮೀ.”

“ಏನ್ ಮಾತಾಡ್ಲಿ?”

“ಏನಾರ.”

ಉಮಾಶ್ರೀ ಕೆಂಪು ದೀಪವನ್ನು ನೋಡಿದಳು. ಮಿನುಗುವ ಚೌಕವನ್ನು ನೋಡಿದಳು. ತಾಯಿಯ ಕೈಯಲ್ಲಿದ್ದ ತನ್ನ ಬೆರಳನ್ನು, ಎರಡಾಗಿ ಕೂಡಿದ ಉಗುರನ್ನು, ಬೇರೆ ಯಾರದೋ ಎಂಬಂತೆ ನೋಡಿದಳು.

“ಬೆರಳ ನೋಯಾಕತ್ತಿತ್ತವ್ವಾ” ಎಂದಳು. ಆಮೇಲೆ, ಕೆಳಗಿನ ಮನೆಗೂ ಕೇಳಿಸುವಷ್ಟು ಜೋರಾಗಿ, “ಭಾಳ ನೋಯಾಕತ್ತಿತ್ತು!”

ದೀಪ ಇನ್ನೂ ಕೆಂಪಗೇ ಇತ್ತು. ಬತ್ತಾಸಿನ ಡಬ್ಬಿ ಮುಚ್ಚಳ ತೆಗೆದು ಮೇಜಿನ ಮೇಲೇ ಇತ್ತು. ಪ್ರಿಯಾಂಕಾ ಕಾದಳು. ಅಂಗೈ ಮುಂದೆ ಬರಲಿಲ್ಲ.